ಮೊದಲ ಸಾಲಿನಲ್ಲಿ ಅಕ್ಕ

ಅಕ್ಕ ಮೊದಲ ಸಾಲಿನಲ್ಲೇ ಬಂದು ಕೂತದ್ದನ್ನು ಕಂಡು ಕೀಬೋರ್ಡಿನವನ ಎದೆ ಧಸಕ್ಕೆಂದಿತು. ಮರುಗಳಿಗೆಯೇ ಸಮಾಧಾನವೂ ಆಯಿತು. ಅಕ್ಕನಿಗೆ ಈಗ ಕಿವಿ ಕೇಳುವುದಿಲ್ಲ. ಪಕ್ಕದಲ್ಲಿ ಸಿಡಿಲು ಬಿದ್ದರೂ ತಿರುಗಿ ನೋಡದಷ್ಟು ಪೂರ್ತಿಯಾಗಿ ಹೋಗಿದೆ. ತಮ್ಮನನ್ನು ಒಮ್ಮೆಯಾದರೂ ವೇದಿಕೆಯ ಮೇಲೆ ಕಣ್ಣಾರೆ ನೋಡಬೇಕೆಂದು ಬಸ್ಸು ಬದಲಿಸಿಕೊಂಡು ಬಂದಿದ್ದಾಳೆ. ನೋಡಿಕೊಂಡು ಹೋಗಲಿ, ಪಾಪ.

"ಯಾಕಣ್ಣಾ, ಮುಖ ಬಿಳಚಿಕೊಂಡಿದೆ?" ವೇದಿಕೆಯ ಪಕ್ಕ ವೈರು ಸುತ್ತುತ್ತಿದ್ದ ಸೌಂಡಿನವನು ಕೇಳಿದ.

"ನಮ್ಮಕ್ಕ ಬಂದಿದಾಳೆ. ನಂಗೆ ಪಿಯಾನೊ ಕಲಿಸಿದ್ದೇ ಅವಳು. ಈಗ ಅವಳಿಗೆ ಕಿವಿ ಕೇಳಲ್ಲ, ಆದ್ರೂ ಇವತ್ತೊಂದಿನ ಸ್ಪೀಕರಿನಲ್ಲಿ ನಾನು ನುಡಿಸೋದೇ ಬರೋ ಹಾಗೆ ನನ್ನ ಕೀಬೋರ್ಡಿಗೆ ಲೈನ್ ಕೊಡೋಕಾಗಲ್ವಾ?"

"ನಿಮ್ದೊಳ್ಳೆ ಕಥೆ! ಲೈಟು, ಪರದೆ, ಹೊಗೆ ಎಲ್ಲಾ ರೆಕಾರ್ಡಿಂಗ್ ಓಡೋ ಆ ಕಂಪ್ಯೂಟರಿಗೇ ಕಟ್ಟಿದೆ. ನೀವು ಒಂಚೂರು ಆಚೀಚೆ ಹೋದ್ರೂ ಹಾಡೋ ಸಾಹೇಬ್ರು ನನ್ನ ಚರ್ಮ ಸುಲೀತಾರೆ. ಅಷ್ಟಕ್ಕೂ ಅದ್ರಲ್ಲಿ ಬರೋದು ನೀವೇ ಸ್ಟುಡಿಯೋದಲ್ಲಿ ನುಡಿಸಿದ್ದಲ್ವಾ? ನಿಮ್ಮನೆ ಮಾಲು ನೀವೇ ಎತ್ಕೊಂಡ್ರೆ ಅದು ಕಳ್ಳತನಾನಾ?"

ಅವನು ಹೇಳಿದ್ದು ನಿಜವೇ. ಅರ್ಧ ಆಯುಷ್ಯ ಕೀಬೋರ್ಡಿನವನು ಕಂಡಕಂಡವರ ಆಲ್ಬಂಗಳಿಗೆ ನುಡಿಸಿದ್ದ, ಕಂಡಕಂಡ ರಾಕ್ ತಂಡಗಳ ಜೊತೆ ಬಸ್ಸಿನಲ್ಲೇ ಮಲಗಿ ಎದ್ದು ಊರೂರು ಸುತ್ತಿದ್ದ. ಗಿಟಾರಿನವರು ಮುಂದೆ ಕುಣಿಯುತ್ತಿದ್ದರೆ ಇವನು ಹಿಂದೆ ಕತ್ತಲಲ್ಲಿ ನಿಂತು ಹಾಡಿಗೆ ಮೈ ತುಂಬುತ್ತಿದ್ದ. ಅಡುಗೆಗೆ ಉಪ್ಪಿದ್ದ ಹಾಗೆ. ಸರಿಯಾಗಿದ್ದಾಗ ಯಾರೂ ಹೊಗಳುವುದಿಲ್ಲ. ಈ ತಂಡ ಸೇರಿದ ಮೇಲೆ ಉಪ್ಪಿನ ಕೆಲಸವೂ ತಪ್ಪಿತು. ಕೀಬೋರ್ಡಿನಲ್ಲಿ ಪುಟ್ಟ ದೀಪಗಳೇನೋ ಉರಿಯುತ್ತಿದ್ದವು, ಅದರ ಸದ್ದಿನ ವೈರು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಮೊದಮೊದಲು ನಾಚಿಕೆಗಾದರೂ ಒಂದು ಸ್ವರ ತಪ್ಪದಂತೆ ನುಡಿಸುತ್ತಿದ್ದ. ಕೇಳುವವರೇ ಇಲ್ಲದ ಮೇಲೆ ಎಷ್ಟು ದಿನ ಅಂತ ಹಾಗೆ ಬೆವರು ಸುರಿಸುವುದು? ಈಗೀಗ ಬೆರಳನ್ನು ಕಾಟಾಚಾರಕ್ಕೆ ಆಡಿಸಿ, ತಲೆಯನ್ನು ಜೋರಾಗಿ ಕುಣಿಸುತ್ತಿದ್ದ. ಜನಕ್ಕೆ ತಲೆ ಕುಣಿದರೆ ಸಾಕಿತ್ತು.

ಮೂರನೆಯ ಹಾಡಿನ ನಡುವೆ ಕೀಬೋರ್ಡೊಂದೇ ಮೊಳಗುವ ಭಾಗ ಬಂತು. ಹಿಂದಿನ ದೊಡ್ಡ ಪರದೆಯ ಮೇಲೆ ಅವನ ಕೈ ಬಾಗಿಲಿನಷ್ಟು ದೊಡ್ಡದಾಗಿ ಮೂಡಿತು. ಸರಿಯಾಗಿಯೇ ನುಡಿಸಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು, ಬೆರಳೇನೂ ಮರೆತಿರಲಿಲ್ಲ. ಆದರೆ ಕಿವಿ ಕೇಳದ ಅಕ್ಕನಿಗೆ ಹೇಗೆ ನುಡಿಸಿದರೇನು ಅಂದುಕೊಂಡು, ದಿನದಂತೆ ಬಲಗೈಯನ್ನು ಅತ್ತಿತ್ತ ಜಾರಿಸಿದ. ಎಡಗೈಯನ್ನು ಮೇಲೆತ್ತಿ ಅಕ್ಕನತ್ತ ಬೀಸಿದ. ಮೈದಾನ ಹೋ ಎಂದು ಎದ್ದು ನಿಂತಿತು. ಅಕ್ಕ ಮಾತ್ರ ಕೂತೇ ಇದ್ದಳು. ಅವಳ ಕಣ್ಣು ಪರದೆಯ ಮೇಲಿನ ಕೈಯಲ್ಲಿ ನೆಟ್ಟಿತ್ತು. ಕಿವಿ ಮಂದವಾದ ಮೇಲೂ ಅಕ್ಕ ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದ್ದಳು, ಬೆರಳು ನೋಡಿಯೇ ತಪ್ಪು ಹಿಡಿಯುತ್ತಿದ್ದಳು. ಅದು ಅವನಿಗೆ ಆಗ ನೆನಪಾಯಿತು.

ಕಾರ್ಯಕ್ರಮ ಮುಗಿದು ಅಕ್ಕ ವೇದಿಕೆಯ ಹಿಂದಿನ ಕೋಣೆಗೆ ಬಂದಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಂತೆ ಅವನೇ ಮೊದಲು ಬಾಯಿಬಿಟ್ಟ. "ಅಕ್ಕಾ, ಅದು ಏನಂದ್ರೆ, ಈಗ ಎಲ್ಲಾ ಕಡೆ..."

"ಯಾವಾಗಿಂದ ಹೀಗಾಗಿದೆ ಪುಟ್ಟಾ?" ಕೂದಲು ನರೆತ ತಮ್ಮ ಅವಳಿಗೆ ಇನ್ನೂ ಪುಟ್ಟನೇ. ಕಿವಿ ಹೋದವರ ಏರುದನಿ ಅವಳದು. ಬಾಗಿಲಲ್ಲಿದ್ದ ಸೌಂಡಿನವನಿಗೂ ಕೇಳಿಸಿತು.

"ಏನು?"

"ಕೈ ಕಣೋ. ಬಲಗೈಲಿ ಒಂದು ಬೆರಳೂ ಸರಿಯಾಗಿ ಏಳ್ತಿಲ್ಲ. ಎಡಗೈ ಅಂತೂ ಆಗೋದೇ ಇಲ್ಲ ಅಂತ ಮೇಲೆತ್ಬಿಟ್ಟೆ. ನಂಗೊಂದು ಮಾತು ಹೇಳಬಾರದಿತ್ತಾ? ಡಾಕ್ಟ್ರಿಗೆ ತೋರಿಸಿದ್ಯಾ?"

ನಿಜ ಹೇಳಲು ಅವನು ತುಟಿ ತೆರೆದ. ಅಕ್ಕ ಆ ತುಟಿಯನ್ನೇ ನೋಡುತ್ತಿದ್ದಳು, ಒಂದಕ್ಷರವೂ ತಪ್ಪಿಹೋಗಬಾರದೆಂದು.

"ತೋರಿಸಿದೀನಿ," ಎಂದ. "ನರದ ತೊಂದರೆಯಂತೆ."

ಬಾಗಿಲಲ್ಲಿದ್ದ ಸೌಂಡಿನವನು ತಲೆ ತಗ್ಗಿಸಿ ಹೊರಟುಹೋದ.

"ಆದ್ರೂ ಬಿಡದೆ ನಿಂತು ನುಡಿಸಿದ್ಯಲ್ಲೋ, ಅಷ್ಟು ಜನರ ಮುಂದೆ!" ಅಕ್ಕ ಕಣ್ಣೊರೆಸಿಕೊಂಡಳು. "ಜನಾನೂ ಎಷ್ಟು ಒಳ್ಳೇವ್ರು. ನೀನು ಪಡೋ ಪಾಡು ನೋಡಿ, ಎದ್ದು ನಿಂತು ಚಪ್ಪಾಳೆ ಹೊಡೆದ್ರು. ನಂಗೆ ಏಳೋಕೇ ಆಗ್ಲಿಲ್ಲ."

ಕುರ್ಚಿ ಎಳೆದುಕೊಂಡು ಕೂತು ಅವನ ಬಲಗೈಯನ್ನು ಮಡಿಲಿಗೆ ತೆಗೆದುಕೊಂಡಳು. ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ನೀವತೊಡಗಿದಳು. ನಾಚಿಕೆಯಿಂದ ಅವನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕಿರುಬೆರಳಿಗೆ ಬಂದಾಗ ಅಕ್ಕನ ಕೈ ನಿಂತಿತು. ಅದನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿ ನೋಡಿ, ಹುಬ್ಬು ಗಂಟಿಕ್ಕಿ ಅವನ ಮುಖ ನೋಡಿದಳು.

"ಚೆನ್ನಾಗೇ ಇದಾವಲ್ಲೋ ಬೆರಳು?"

ಅವನು ಬೆರಳುಗಳನ್ನು ಮೆಲ್ಲಗೆ ನಡುಗಿಸತೊಡಗಿದ.