ಎಂಜಲಿನ ಗ್ರಾಫು

ವಸತಿ ಶಾಲೆಯ ಪ್ರಾಂಶುಪಾಲೆಗೆ ಎಂಜಲು ಕಂಡರೆ ಆಗುತ್ತಲೇ ಇರಲಿಲ್ಲ. ಮಕ್ಕಳು ಕಲಸಿ ಬಿಟ್ಟ ಅನ್ನ, ಅಗಿದು ಉಗುಳಿದ ತರಕಾರಿ ತುಂಬಿದ ಬಕೆಟ್ಟನ್ನು ಅಡುಗೆಯ ಚೆನ್ನಾಜಮ್ಮ ದಿನವೂ ಡಿಜಿಟಲ್ ತಕ್ಕಡಿಯ ಮೇಲಿಡುವಾಗ, ಪ್ರಾಂಶುಪಾಲೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ತೂಕವನ್ನು ಮೊಬೈಲಿನ ಗ್ರಾಫಿಗೆ ಏರಿಸುತ್ತಿದ್ದಳು.

"ವಾರದಿಂದ ವಾರಕ್ಕೆ ಗ್ರಾಫಿನ ಗೆರೆ ಇಳೀಲೇಬೇಕು, ಚೆನ್ನಾಜಮ್ಮ. ಹೇಗೆ ಇಳಿಸ್ತೀಯೋ ನಂಗೊತ್ತಿಲ್ಲ. ಇಲ್ಲಾಂದ್ರೆ ನಾಳೆಯಿಂದ ಬರೋದೇ ಬೇಡ."

ಗೆರೆ ಇಳಿಯಿತು. ಇಳಿಯುತ್ತ ಇಳಿಯುತ್ತ ಸೊನ್ನೆಯನ್ನೇ ಮುಟ್ಟಿತು. ಆ ಪವಾಡ ನೋಡಲು ಇಲಾಖೆಯ ಉಪನಿರ್ದೇಶಕರೇ ಶಾಲೆಗೆ ಬಂದರು. ಪರದೆಯ ಮೇಲೆ ಗ್ರಾಫು ತೋರಿಸಿ ಚಪ್ಪಾಳೆ ಗಿಟ್ಟಿಸಿದ ಪ್ರಾಂಶುಪಾಲೆ, ಬೀಗುತ್ತಲೇ ಅವರೊಂದಿಗೆ ಮಕ್ಕಳ ಪಂಕ್ತಿಯಲ್ಲಿ ಊಟಕ್ಕೆ ಕೂತಳು. ಸಾಂಬಾರು ಘಮಘಮಿಸುತ್ತಿತ್ತು. ಇಬ್ಬರೂ ಮತ್ತೆ ಮತ್ತೆ ಹಾಕಿಸಿಕೊಂಡರು.

"ಸಾಂಬಾರು ಎಷ್ಟು ಗಟ್ಟಿಯಾಗಿದೆಯಮ್ಮ! ಬೇಳೆ ಜಾಸ್ತಿ ಹಾಕ್ತೀಯಾ?" ಸಾಹೇಬರು ಬೆರಳು ಚೀಪುತ್ತ ಕೇಳಿದರು.

ಚೆನ್ನಾಜಮ್ಮ ಸೌಟು ಹಿಡಿದುಕೊಂಡೇ ಪ್ರಾಂಶುಪಾಲೆಯ ಮುಖ ನೋಡಿದಳು.

"ಬೇಳೆ ಎಲ್ಲಿಂದ ತರ್ಲಿ ಸಾರ್? ಬಕೆಟ್ ತೂಕ ಇಳೀಲೇಬೇಕು ಅಂದ್ರಲ್ಲ ಮೇಡಮ್ಮೋರು, ನಿನ್ನೆ ಮಕ್ಳು ತಟ್ಟೇಲಿ ಬಿಟ್ಟಿದ್ದನ್ನೆಲ್ಲ ರುಬ್ಬಿ ಹಾಕಿದೀನಿ."