ಕಸಿಯ ಗಂಟು

ಅಂಬೆಗಾಲಿಡುತ್ತಿದ್ದ ನಂದಿಬೆಟ್ಟ ಮೊದಲ ಸಲ ಎದ್ದು ನಿಂತದ್ದು ನಮ್ಮ ಹಿತ್ತಲ ದ್ರಾಕ್ಷಿ ಬಳ್ಳಿಯನ್ನು ಹಿಡಿದುಕೊಂಡೇ. ಮರೆಯಾದ ಹಳೆಯ ತಳಿಯಿಂದ ವೈನ್ ಮಾಡಲು, ನೆಡುವುದಕ್ಕೆ ಬಳ್ಳಿಯ ಕಡ್ಡಿ ಹುಡುಕಿಕೊಂಡು ಬಂದ ಮೇಡಂಗೂ ಇದನ್ನೇ ಹೇಳಿದೆ.

"ಬಳ್ಳಿ ಉಳಿಸಿದವರ ಹೆಸರನ್ನೇ ಬಾಟಲಿಗೆ ಇಡ್ತೀವಿ," ಎಂದರು.

"ಪಿಳ್ಳಪ್ಪ ಅಂತ ನನ್ನ ಹೆಸರು ದಪ್ಪಕ್ಷರದಲ್ಲಿ ಹಾಕ್ಸಿ. ಏಳು ತಲೆಮಾರಿಂದ ಇದನ್ನ ಅಲುಗಾಡಿಸಿಲ್ಲ."

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಕೆಮ್ಮಿದಳು.

ಮೇಡಂ ಬುಡದ ಮಣ್ಣು ಸರಿಸಿದರು. "ಇಲ್ಲಿ ಕಸಿಯ ಗಂಟಿದೆಯಲ್ಲ. ಮೇಲಿನದು ಹಳೇ ತಳಿಯೇ, ಆದ್ರೆ ಬೇರು ಈಚಿನದು. ಯಾರು ಕಟ್ಟಿದ್ದು?"

"ಹೇಳ್ರೀ, ಯಾರು ಅಂತ," ಎಂದಳು ಹೆಂಡತಿ.

"ಸ್ಕೂಟರ್ ನಿಲ್ಸೋಕೆ ಜಾಗ ಬೇಕೂಂತ ಹಳೇ ಬಳ್ಳೀನ ಬೇರು ಸಮೇತ ಕಿತ್ತೋನು ನಾನು ಮೇಡಂ. ಒಂದು ಕಡ್ಡಿ ಬಚ್ಚಿಟ್ಟು ಕಸಿ ಕಟ್ಟಿದೋಳು ಇವಳು. ಬಾಟಲಿಗೆ ಇವಳ ಹೆಸರೇ ಬರ್ಕೊಳ್ಳಿ, ಅಕ್ಕಯ್ಯಮ್ಮ ಅಂತ."