ರೆಕ್ಕೆಯ ಕೆಳಗಿನ ಕೊಳವೆ

ಮೇಲಕ್ಕೆ ಹೋದ ವಿಮಾನ ಊರಿನ ಮೇಲೆ ಒಂದು ಸುತ್ತನ್ನೂ ಪೂರ್ತಿ ಹಾಕದೆ ತಿರುಗಿ ಬಂತು. ಬಂದದ್ದೇನೋ ಬಂತು, ಇಳಿಯುವಾಗ ಮಾತ್ರ ಮೈದಾನಕ್ಕೆ ಧೊಪ್ಪನೆ ಕುಕ್ಕಿ, ಪುಟಿದು, ಓಲಾಡಿಕೊಂಡು ಓಡಿ ಬೇಲಿಗೆ ಮಾರು ದೂರದಲ್ಲಿ ನಿಂತಿತು. ಆಯುಧಪೂಜೆಯ ಕೋಸಂಬರಿ ತಿನ್ನುತ್ತಿದ್ದ ಸಾಗರದ ಜನ ಅದೂ ಒಂದು ಆಟವೆಂದೇ ತಿಳಿದು ಚಪ್ಪಾಳೆ ತಟ್ಟಿದರು. ಬಸ್ ಮೆಕ್ಯಾನಿಕ್ ಗುತ್ಯಪ್ಪನೂ ತಟ್ಟಿದ.

ಕ್ಯಾಪ್ಟನ್ ಕೆಳಗಿಳಿದವರೇ ನೆಟ್ಟಗೆ ವಿಮಾನದ ಮೆಕ್ಯಾನಿಕ್ ನಾರಾಯಣಮೂರ್ತಿಯ ಮುಂದೆ ಬಂದು ನಿಂತರು.

"ವೇಗದ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡ್ಲೇ ಇಲ್ಲ. ಬರೀ ಅಂದಾಜಿನ ಮೇಲೆ ಇಳಿಸಿದ್ದೀನಿ. ಸ್ವಲ್ಪ ಹೆಚ್ಚುಕಮ್ಮಿ ಆಗಿದ್ರೆ ನನ್ನ ಹೆಣ ಎತ್ತಬೇಕಿತ್ತು. ರೆಕ್ಕೆ ಕೆಳಗಿನ ಕೊಳವೆ ನೋಡಿದ್ರೋ ಇಲ್ವೋ?"

"ಬೆಳಗ್ಗೆ ನೋಡಿದ್ದೆ ಸಾರ್."

"ಗಾಳಿ ಅದರೊಳಗೆ ಹೋದ್ರೆ ತಾನೇ ಮುಳ್ಳು ಏಳೋದು? ತೆಗೆದು ನೋಡಿ."

ಕೊಳವೆ ಎಂದದ್ದೇ ತಡ, ಗುತ್ಯಪ್ಪನ ಎದೆ ಧಸಕ್ಕೆಂದಿತು. ಲಿಂಗನಮಕ್ಕಿಯ ಹೊಸ ಹಿನ್ನೀರಿನ ಚಿತ್ರ ತೆಗೆಯಲು ಬಂದಿದ್ದ ಆ ಹಳೆಯ ಬಟ್ಟೆರೆಕ್ಕೆಯ ವಿಮಾನದ ಬಾಲದ ಚಕ್ರ ಮೊದಲ ದಿನವೇ ಕೈಕೊಟ್ಟಿತ್ತು. ಬಸ್ಸಿನ ಕಮಾನು ಪಟ್ಟಿ ಕಡಿದು ಕೂರಿಸಿ ಸರಿಮಾಡಿದವನು ಗುತ್ಯಪ್ಪ. ಅಂದಿನಿಂದ ಅವನ ಎದೆ ಒಂದು ಗೇಣು ಮುಂದೆ ಬಂದಿತ್ತು. ಸೈಕಲ್ಲಿಗೂ ಪೂಜೆ ಮಾಡುವ ಊರಿನಲ್ಲಿ ವಿಮಾನಕ್ಕೆ ಬೇಡವೇ ಎಂದು ಹಟ ಹಿಡಿದವನೂ ಅವನೇ. "ಆಗಲಿ, ಆದ್ರೆ ಪೆಟ್ರೋಲ್ ಇದೆ, ಬೆಂಕಿ ಎಂಜಿನ್ ಹತ್ರ ಬೇಡ. ರೆಕ್ಕೆ ತುದೀಲಿ ಮಾಡಿ" ಎಂದಿದ್ದ ನಾರಾಯಣಮೂರ್ತಿ. ಕುಂಕುಮ ಹಚ್ಚಿದ್ದಾಯಿತು, ಕಾಯಿ ಒಡೆದದ್ದಾಯಿತು. ಊದುಬತ್ತಿ ಚುಚ್ಚಲು ಬಾಳೆಹಣ್ಣಿತ್ತು. ಆದರೆ ಒಳ್ಳೆಯ ಹಣ್ಣು, ತೂತು ಮಾಡುವುದೇಕೆ, ಕ್ಯಾಪ್ಟನ್ನರಿಗೆ ಕೊಡೋಣ ಎಂದು ಗುತ್ಯಪ್ಪ ಎತ್ತಿಟ್ಟ. ರೆಕ್ಕೆಯ ಕೆಳಗೆ ಮುಂದಕ್ಕೆ ಚಾಚಿದ್ದ ಕೊಳವೆ ಊದುಬತ್ತಿಗೆಂದೇ ಮಾಡಿಸಿದ ಹಾಗಿತ್ತು, ಅದರ ಬಾಯಿಗೇ ಸಿಕ್ಕಿಸಿದ. ಮೋಡ ಬರುವುದರೊಳಗೆ ಹಾರಬೇಕು ಎಂದು ಕ್ಯಾಪ್ಟನ್ ಅವಸರ ಮಾಡಿದಾಗ ಬತ್ತಿಗಳನ್ನು ಎಳೆದ. ಒಂದರ ಕಡ್ಡಿ ಒಳಗೇ ಮುರಿಯಿತು. ಗಾಳಿಗೆ ಹಾರಿಹೋಗುತ್ತದೆ ಬಿಡು ಎಂದುಕೊಂಡ.

ನಾರಾಯಣಮೂರ್ತಿ ಕೊಳವೆ ಬಿಚ್ಚಿ, ಎಲ್ಲರಿಗೂ ಬೆನ್ನು ಹಾಕಿ ಕೂತು ತಂತಿಯಿಂದ ಕೆದಕಿದ. ಅಂಗೈಗೆ ಬಡಿದ. ಎದ್ದವನು ಕೈಯನ್ನು ಜೇಬಿಗೆ ಒರೆಸಿಕೊಂಡು, "ಕಣಜ ಸಾರ್. ಮಣ್ಣಿನ ಗೂಡು ಕಟ್ಟಿತ್ತು" ಎಂದ.

ಗುತ್ಯಪ್ಪನಿಗೆ ಹೋದ ಜೀವ ಬಂದಂತಾಯಿತು. ಜೀವ ಬಂದದ್ದು ಸರಿ, ಸುಮ್ಮನಿರಬಹುದಿತ್ತು. ಆದರೆ ಬಾಯಿ ಕೇಳಬೇಕಲ್ಲ.

"ನಮ್ಮ ಕಡೆ ಕಣಜ ಬಾಳ ಸಾರ್. ಒಂದು ಗಳಿಗೆ ಬಿಟ್ರೆ ಗೂಡು ಕಟ್ತಾವೆ. ನಾವಾದ್ರೆ ಗಾಡಿ ಹೊರಡೋ ಮುಂಚೆ ಇನ್ನೊಂದ್ಸಲ ನೋಡ್ತೀವಪ್ಪ."

ನಾರಾಯಣಮೂರ್ತಿ ಅವನನ್ನು ಒಮ್ಮೆ ನೋಡಿ ಕಣ್ಣು ತಗ್ಗಿಸಿದ.

"ಕೇಳಿಸ್ಕೊಂಡ್ರಾ?" ಎಂದರು ಕ್ಯಾಪ್ಟನ್. "ಬಸ್ ರಿಪೇರಿ ಮಾಡೋರಿಗಿರೋ ಜವಾಬ್ದಾರಿ ನಿಮಗಿಲ್ಲ. ನಾಳೆ ರೈಲು ಹತ್ತಿ. ಬೇರೆಯವರನ್ನ ಕರೆಸ್ಕೋತೀನಿ." ಆಮೇಲೆ ಗುತ್ಯಪ್ಪನ ಹೆಗಲು ತಟ್ಟಿ, "ಅಲ್ಲೀವರೆಗೂ ವಿಮಾನ ನೀವು ನೋಡ್ಕೊಳ್ಳಿ" ಎಂದರು. ಜನ ಮತ್ತೆ ಚಪ್ಪಾಳೆ ತಟ್ಟಿದರು.

ಅವತ್ತು ಹಬ್ಬದ ಊಟಕ್ಕೆ ಕೂತಾಗ, ಬಾಯಿಗೆ ತುತ್ತು ಇಡುವ ಹೊತ್ತಿಗೆ ಗುತ್ಯಪ್ಪನಿಗೆ ಹೊಳೆಯಿತು. ಬೆಳಗ್ಗೆ ನೋಡಿದ ಕೊಳವೆಯಲ್ಲಿ, ಊದುಬತ್ತಿ ಉರಿಯುತ್ತಿದ್ದಾಗ, ಯಾವ ಕಣಜ ಬಂದು ಗೂಡು ಕಟ್ಟೀತು? ತುತ್ತನ್ನು ಎಲೆಗೇ ಇಳಿಸಿದ. ಹೆಂಡತಿ ಹುಲಿಯಮ್ಮ ಪಾಯಸ ಬಡಿಸಲು ಬಂದವಳು, "ವಿಮಾನದೋರು ಭುಜ ತಟ್ಟಿದ್ರಂತೆ?" ಎಂದು ಸಂಭ್ರಮದಿಂದ ಕೇಳಿದಳು. ಅವನು ಎಲೆ ಮಡಿಚಿ ಎದ್ದ.

ಮರುದಿನ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಸ್ಟೇಷನ್ನಿಗೆ ಹೋದ. ನಾರಾಯಣಮೂರ್ತಿ ತನ್ನ ಸಲಕರಣೆಯ ಪೆಟ್ಟಿಗೆಯ ಮೇಲೆ ಕೂತು ತಾಳಗುಪ್ಪದ ಕಡೆಯಿಂದ ಬರುವ ರೈಲಿಗೆ ಕಾಯುತ್ತಿದ್ದ.

"ಮೂರ್ತಿಯವ್ರೇ, ಅದು ಕಣಜ ಅಲ್ಲ."

"ಗೊತ್ತು. ಗಂಧದ ವಾಸನೆ ಇನ್ನೂ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅಷ್ಟು ಜನರ ಮುಂದೆ ಹೇಳಿ ಏನು ಮಾಡ್ಲಿ? ನಾನು ಹೋಗೋನು, ನೀವು ಇದೇ ಊರಲ್ಲಿ ಬಾಳ್ಬೇಕು. ಅಲ್ದೆ ಹೊರಡೋ ಮುಂಚೆ ಇನ್ನೊಂದ್ಸಲ ನೋಡ್ಬೇಕಾಗಿದ್ದೋನು ನಾನೇ. ನೀವೇ ಹೇಳಿದ್ರಲ್ಲ."

ಕೆನ್ನೆಗೆ ಹೊಡೆದಿದ್ದರೂ ಗುತ್ಯಪ್ಪ ತಡೆದುಕೊಳ್ಳುತ್ತಿದ್ದ. "ಕ್ಯಾಪ್ಟನ್ ಹತ್ರ ಹೋಗಿ ನಿಜ ಹೇಳ್ಲಾ?" ಎಂದ. ಕೇಳಿದ ಮೇಲೆ, ಬೇಡ ಎನ್ನಲಿ ಎಂಬ ಆಸೆಯಿಂದಲೇ ಕೇಳಿದೆನೆಂದು ತನಗೇ ತಿಳಿದು ತಲೆ ತಗ್ಗಿಸಿದ. ನಾರಾಯಣಮೂರ್ತಿ ಪೆಟ್ಟಿಗೆಯಿಂದ ಎದ್ದು ಹಳಿಯ ಕಡೆ ನೋಡಿದ.

ರೈಲು ಬಂತು. ಗುತ್ಯಪ್ಪ ಪೆಟ್ಟಿಗೆ ಎತ್ತಿ ಒಳಗಿಟ್ಟು, ಕಿಟಕಿಯಲ್ಲಿ ಹಣ್ಣಿನ ಚಿಪ್ಪು ಕೊಟ್ಟ. ನಾರಾಯಣಮೂರ್ತಿ ಒಂದು ಹಣ್ಣು ಕಿತ್ತುಕೊಂಡು ಉಳಿದದ್ದನ್ನು ಅವನ ಕೈಗೇ ಮರಳಿಸಿದ.

"ನನಗೆ ಇದು ಸಾಕು ಗುತ್ಯಪ್ಪ. ಮಿಕ್ಕಿದ್ದು ಇಟ್ಕೊಳ್ಳಿ, ಊದುಬತ್ತಿ ಚುಚ್ಚೋಕೆ ಬೇಕಾಗುತ್ತೆ."